ಪದ ಬೇಕು: ಶಾರ್ಕಿನ ಬೆನ್ನಿನ ಮಣಿ, ‘ಮೃದ್ವಸ್ಥಿ’ಗೆ (ಕಾರ್ಟಿಲೇಜ್) ಬದಲು ಏನು?

ಚಿಕ್ಕಬಳ್ಳಾಪುರದಿಂದ:

ನಮಸ್ಕಾರ. ನಾಳೆ ಬೆಳಿಗ್ಗೆ ನಮ್ಮ ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ. ಫ್ಲೆಕ್ಸ್ ಅಂಗಡಿ ಸಂಜೆ 7ಕ್ಕೆ ಮುಚ್ಚುತ್ತೆ, ಅಷ್ಟರೊಳಗೆ ಪದ ಬೇಕು.

ಹಳೆಯ ವಿದ್ಯಾರ್ಥಿಯೊಬ್ಬ ತಮಿಳುನಾಡಿನ ಅರಿಯಲೂರು ಕಡೆಯಿಂದ ಶಾರ್ಕಿನ ಪಳೆಯುಳಿಕೆ ತಂದುಕೊಟ್ಟಿದ್ದಾನೆ. ಡೈನೋಸಾರ್ ಕಾಲದಲ್ಲಿ ಅಲ್ಲಿ ಸಮುದ್ರವಿತ್ತು. (ನಮ್ಮ ಕೋಲಾರದ ಚಿನ್ನದ ಬಂಡೆಗಳಲ್ಲಿ ಹುಡುಕಿ ಫಲವಿಲ್ಲ. ಅವು ಸುಮಾರು 270 ಕೋಟಿ ವರ್ಷ ಹಳೆಯವು, ಆಗಿನ್ನೂ ಮೀನೇ ಹುಟ್ಟಿರಲಿಲ್ಲ.) ಬೆನ್ನಿನ ಒಂದೇ ಒಂದು ಮಣಿ, ಎರಡು ರೂಪಾಯಿ ನಾಣ್ಯದಷ್ಟು ಅಗಲ. ಎರಡು ಪುಟ್ಟ ಬಟ್ಟಲುಗಳನ್ನು ತಳಕ್ಕೆ ತಳ ಹಚ್ಚಿ ಅಂಟಿಸಿದ ಹಾಗಿದೆ. ಬಟ್ಟಲಿನೊಳಗೆ ಮರದ ಕಾಂಡದಲ್ಲಿರುವಂಥ ಉಂಗುರಗಳು.

ಹಲ್ಲುಗಳಾದರೆ ಬೇಕಾದಷ್ಟು ಸಿಗುತ್ತವೆ. ಶಾರ್ಕು ಬದುಕಿರುವಷ್ಟು ಕಾಲ ಸಾವಿರಾರು ಹಲ್ಲು ಉದುರಿಸುತ್ತೆ, ಅವು ಗಟ್ಟಿ ಬೇರೆ. ಮೈಯೊಳಗಿನ ಹಂದರ ಹಾಗಲ್ಲ, ಸತ್ತ ಮೇಲೆ ಬೇಗ ಕೊಳೆತುಹೋಗುತ್ತೆ. ಅದಕ್ಕೇ ಈ ಮಣಿ ಅಪರೂಪ.

ಫಲಕಕ್ಕೆ “ಶಾರ್ಕಿಗೆ ಮೂಳೆಯಿಲ್ಲ, ಇರುವುದೆಲ್ಲ ಮೃದ್ವಸ್ಥಿ” ಅಂತ ಬರೆದೆ. ಏಳನೇ ಕ್ಲಾಸಿನ ಹುಡುಗಿ ಓದಿ, “ಅಸ್ಥಿ ಅಂದ್ರೆ ನದೀಲಿ ಬಿಡೋದಲ್ವಾ ಸಾರ್?” ಅಂದಳು. ಬೇರೆ ಪದ ಹೇಳಿ.

ಕೋಲಾರದಿಂದ:

ಎಳೆಮೂಳೆ. ಮಟನ್ ಅಂಗಡಿಯಲ್ಲಿ ಕೇಳಿ ನೋಡಿ, ಅರ್ಥವಾಗುತ್ತೆ. ಜನ ಆಡುವ ಮಾತು ಬಿಟ್ಟು ಸಂಸ್ಕೃತ ಹೊಸೆಯೋದು ಸಾಕು.

ಶಾರ್ಕ್ ಯಾಕೆ? ಕರಾವಳಿಯಲ್ಲಿ ತಾಟೆ ಅಂತಾರೆ. ನಮ್ಮ ಕಡೆ ಮನೆಯಲ್ಲಿ ತೆಲುಗು ಆಡುವವರು ಸೊರಚೇಪ ಅಂತಾರೆ, ತಮಿಳಿನಲ್ಲಿ ಸುರಾ. ಪದ ಅಕ್ಕಪಕ್ಕದಲ್ಲೇ ಇದೆ.

ತುಮಕೂರಿನಿಂದ:

ಎಳೆಮೂಳೆ ತಪ್ಪು. ಎಳೆಯದು ಅಂದಮೇಲೆ ಬಲಿಯಬೇಕು. ಮಗುವಿನದು ಬಲಿತು ಮೂಳೆಯಾಗುತ್ತೆ, ಒಪ್ಪಿದೆ. ಶಾರ್ಕಿನದು ಮುಪ್ಪಾದರೂ ಮೂಳೆಯಾಗಲ್ಲ.

ಅಷ್ಟಕ್ಕೂ ‘ಮೂಳೆ’ಯೇ ಜಾರುವ ಪದ. ತಮಿಳಿನ ಮೂಳೈ ಅಂದರೆ ಮಿದುಳು, ಮಜ್ಜೆ. ಅಲ್ಲಿ ಒಳಗಿನ ಮೆತ್ತನೆಯದಕ್ಕೆ ಇರುವ ಹೆಸರು ಇಲ್ಲಿ ಹೊರಗಿನ ಗಟ್ಟಿಯದಕ್ಕೆ. ಎಲುಬು ಹಾಗಲ್ಲ. ತಮಿಳಿನಲ್ಲೂ ಎಲುಂಬು, ಅರ್ಥವೂ ಒಂದೇ. ಮೆಲ್ನುಡಿಯ ‘ಮೆಲ್’ ಸೇರಿಸಿ ಮೆಲ್ಲೆಲುಬು ಅನ್ನಿ. ಬೆನ್ನಿನ ಮಣಿಗೆ ಪುಸ್ತಕದ ‘ಕಶೇರುಕ’ವೂ ಬೇಡ, ಬೆನ್ನಮಣಿ ಸಾಕು. ಮಣಿ ಅಂತ ನೀವೇ ಕರೆದಿದ್ದೀರಲ್ಲ.

ಶಾರ್ಕ್ ಇರಲಿ. ಬಯಲುಸೀಮೆಯ ಮಕ್ಕಳು ಅದನ್ನು ಟೀವಿಯಲ್ಲಿ ನೋಡಿದ್ದಾರೆ. ತಾಟೆ ಅಂದರೆ ಅವರಿಗೆ ಅದೂ ಹೊರಗಿನ ಪದವೇ.

ಕೋಲಾರದಿಂದ:

ಕನ್ನಡನಾಡಿನ ಮೀನುಗಾರರ ಪದ ಕನ್ನಡದ ಮಕ್ಕಳಿಗೆ ಹೊರಗಿನದಾ? ಈ ಮಾತು ನಾನು ಒಪ್ಪಲ್ಲ. ಗೊತ್ತಿಲ್ಲದಿದ್ದರೆ ಕಲಿಸಬೇಕು. ಡೈನೋಸಾರ್ ಕಲಿತ ಮಕ್ಕಳಿಗೆ ತಾಟೆ ಕಲಿಯೋದು ಕಷ್ಟವಲ್ಲ.

ಚಿಕ್ಕಬಳ್ಳಾಪುರದಿಂದ:

ಇಬ್ಬರಿಗೂ ನಮಸ್ಕಾರ. ಬೆನ್ನಮಣಿ ತಕ್ಷಣ ಹಿಡಿಸಿತು. ಮೆಲ್ಲೆಲುಬಿನ ಬಗ್ಗೆ ಒಂದು ತೊಡಕಿದೆ. ಈ ಮಣಿ ಉಳಿದಿರೋದೇ ಮೆತ್ತಗಿಲ್ಲದ್ದಕ್ಕೆ. ಎಷ್ಟೋ ಜಾತಿಯ ಶಾರ್ಕುಗಳ ಬೆನ್ನಮಣಿಯಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಸೇರಿ ಗಟ್ಟಿಯಾಗಿರುತ್ತೆ. ಉಳಿದ ಹಂದರ ಕರಗಿದರೂ ಅದು ಕೆಲವೊಮ್ಮೆ ತಪ್ಪಿಸಿಕೊಳ್ಳುತ್ತೆ. ಮೆಗಲೊಡಾನ್ ಅನ್ನೋ ದೈತ್ಯ ಶಾರ್ಕಿನ ಹಲ್ಲು ಲೋಕದ ತುಂಬ ಸಿಕ್ಕಿವೆ. ಒಂದೇ ಮೀನಿನ ಬೆನ್ನಮಣಿಗಳು ಒಟ್ಟಿಗೆ ಸಿಗೋದು ತೀರಾ ಕಡಿಮೆ. 1978ರಲ್ಲಿ ಡೆನ್ಮಾರ್ಕಿನಲ್ಲಿ ಸುಮಾರು 20 ಸಿಕ್ಕವು, ಅವುಗಳಲ್ಲಿ ದೊಡ್ಡದು 23 ಸೆಂಟಿಮೀಟರ್ ಅಗಲ, ಊಟದ ತಟ್ಟೆಯಷ್ಟು!

ಫಲಕ ಹೀಗೆ ಹೋಗುತ್ತೆ: “ಶಾರ್ಕಿನ ಬೆನ್ನಮಣಿ. ಶಾರ್ಕಿನ ಮೈಯಲ್ಲಿ ಮೂಳೆಯಿಲ್ಲ, ಮೆಲ್ಲೆಲುಬಿದೆ. ನಿಮ್ಮ ಮೂಗಿನ ತುದಿ ಅಲ್ಲಾಡಿಸಿ ನೋಡಿ, ಅಲ್ಲಿರುವುದೂ ಅದೇ. ಕ್ಯಾಲ್ಸಿಯಂ ಸೇರಿ ಗಟ್ಟಿಯಾಗಿದ್ದರಿಂದ ಈ ಮಣಿ ಉಳಿಯಿತು.”

ಕೋಲಾರದವರೇ, ಕೆಳಗೆ “ಕರಾವಳಿಯಲ್ಲಿ ತಾಟೆ” ಅಂತಲೂ ಸೇರಿಸಿದ್ದೇನೆ. ಆರೂವರೆ ಆಯ್ತು, ಹೊರಟೆ.