ಅಪ್‌ಡೇಟ್: ಆ ಎರಡು ಫೌಂಡೇಶನ್ ಕಥೆ

ಹೋದ ತಿಂಗಳು ಕೇಳಿದ್ದೆ ಅಲ್ವಾ? ಹುಬ್ಬಳ್ಳಿ ದುರ್ಗದಬೈಲಿನಲ್ಲಿ ತಗೊಂಡ 250 ರೂಪಾಯಿಯ ಫೌಂಡೇಶನ್ (ಮುಖಕ್ಕೆ ಹಚ್ಚುವ ಮೇಕಪ್), ವೈನಿ ಕೊಟ್ಟ 900 ರೂಪಾಯಿಯದು. ಎರಡು ಬಾಟಲಿಗಳ ಹಿಂದೆಯೂ ಒಳಗೆ ಹಾಕಿದ ಪದಾರ್ಥಗಳ ಹೆಸರು ಹೆಚ್ಚುಕಡಿಮೆ ಅವೇ. ಮತ್ತೆ ದುಬಾರಿಯದಕ್ಕೆ ಮಾತ್ರ ಕೆನ್ನೆ ಯಾಕೆ ತುರಿಸುತ್ತದೆ ಅಂತ.

ನೀವು ಹೇಳಿದ ಹಾಗೆ ಎರಡನ್ನೂ ಪಕ್ಕ ಪಕ್ಕ ಇಟ್ಟು, ಫೋನಿನಲ್ಲಿ ಫೋಟೋ ತೆಗೆದು ಓದಿದೆ. ಅಕ್ಷರ ಸಾಸಿವೆ ಕಾಳಿಗಿಂತ ಸಣ್ಣವು! ಹೆಸರು ಅವೇ, ಆದರೆ ಬರೆದ ಕ್ರಮ ಬೇರೆ. ಜಾಸ್ತಿ ಇರುವುದು ಮೊದಲು ಬರುತ್ತದೆ. ಶೇಕಡಾ 1ಕ್ಕಿಂತ ಕಡಿಮೆ ಇರುವುದನ್ನು ಕೊನೆಗೆ ಹೇಗೆ ಬೇಕಾದರೂ ಬರೆಯಬಹುದು. ಕೆಡದಂತೆ ಹಾಕುವ ಫಿನಾಕ್ಸಿಎಥನಾಲ್ ಸಾಮಾನ್ಯವಾಗಿ ಶೇಕಡಾ 1 ದಾಟುವುದಿಲ್ಲ. ಹಾಗಾಗಿ, ಬಣ್ಣ ಬಿಟ್ಟರೆ, ಅದರ ನಂತರ ಬಂದದ್ದೆಲ್ಲ ಚಿಟಿಕೆಯಷ್ಟೇ. 900ರ ಬಾಟಲಿಯ ಮುಂದೆ ದೊಡ್ಡದಾಗಿ ಬರೆದ ಲೋಳೆಸರ, ವಿಟಮಿನ್ ಇ ಎರಡೂ ಪಟ್ಟಿಯಲ್ಲಿ ಫಿನಾಕ್ಸಿಎಥನಾಲ್ ಆದಮೇಲೆ ಕೂತಿದ್ದವು. ವೈನಿಗೆ ಇನ್ನೂ ಹೇಳಿಲ್ಲ.

ಪಟ್ಟಿಯಲ್ಲಿ ಸಿಐ 77891 (ಬಣ್ಣಕ್ಕೆ ಕೊಡುವ ಸಂಖ್ಯೆ) ನೋಡಿ ಸುಮ್ನೆ ಹೆದರಿದ್ದೆ. ಅದು ಟೈಟಾನಿಯಂ ಡೈಆಕ್ಸೈಡ್, ಬಿಳಿ ಬಣ್ಣ. 77491, 77492, 77499 ಅಂದರೆ ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್. ಬಣ್ಣ ಎಷ್ಟೇ ಇದ್ದರೂ ಕೊನೆಗೇ ಬರೆಯಬಹುದು.

ಇನ್ನು ತುರಿಕೆ. 900ರದ್ದರಲ್ಲಿ ಪರ್ಫ್ಯೂಮ್ ಇದೆ, ಇನ್ನೊಂದರಲ್ಲಿ ಇಲ್ಲ. ಎರಡನ್ನೂ ಒಂದೊಂದು ಮೊಣಕೈ ಒಳಗೆ ದಿನಕ್ಕೆ ಎರಡು ಸಲ ಹಚ್ಚಿದೆ. ಮೂರನೇ ದಿನ 900ರ ಕಡೆ ಕೆಂಪಾಯಿತು. ಪರ್ಫ್ಯೂಮೇ ಕಾರಣವಾ ಅಂತ ಗೊತ್ತಾಗಬೇಕಾದರೆ ಪ್ಯಾಚ್ ಟೆಸ್ಟ್ (ಒಂದೊಂದು ವಸ್ತುವನ್ನೂ ಚರ್ಮಕ್ಕೆ ಅಂಟಿಸಿ ನೋಡುವ ಪರೀಕ್ಷೆ) ಮಾಡಿಸಬೇಕು ಎಂದರು ಧಾರವಾಡದ ಚರ್ಮದ ಡಾಕ್ಟರು. ಅದು ಆಮೇಲೆ. ತಂಗಿಯ ಮದುವೆಗೆ ಅಗ್ಗದ್ದೇ ಹಚ್ಚುತ್ತೇನೆ, ಶೇಡ್ ಮಾತ್ರ ಒಂದು ಮೆಟ್ಟಿಲು ಗಾಢ ತರಬೇಕು.