ಓಡುವಾಗ ತಣ್ಣಗೆ, ಕ್ಯೂನಲ್ಲಿ ನಿಂತರೆ ಹೀಟ್: ಪಿಕಪ್‌ಗೆ ಏನಾಗಿದೆ?

ಮುಳಬಾಗಿಲು ಲೋಡ್:
ಅಣ್ಣಂದಿರೇ, ಸ್ವಲ್ಪ ದಾರಿ ತೋರಿಸಿ. ನನ್ನದು ಹಳೇ ಡೀಸೆಲ್ ಪಿಕಪ್. ಮುಳಬಾಗಿಲಿನಿಂದ ಕೋಲಾರ ಎಪಿಎಂಸಿಗೆ ಟೊಮೆಟೊ ತರುವಾಗ ಹೈವೇಯಲ್ಲಿ ಫುಲ್ ಲೋಡ್ ಇದ್ದರೂ ಟೆಂಪರೇಚರ್ ಮುಳ್ಳು ಅರ್ಧ ದಾಟಲ್ಲ. ಮಾರ್ಕೆಟ್ ಹತ್ತಿರ ಕ್ಯೂನಲ್ಲಿ ಹತ್ತು ಹದಿನೈದು ನಿಮಿಷ ನಿಂತರೆ ಸಾಕು, ಸೀದಾ ಕೆಂಪು ಗೆರೆಗೆ ಹೋಗುತ್ತದೆ. ಆಫ್ ಮಾಡುವುದು, ಸ್ಟಾರ್ಟ್ ಮಾಡಿ ನಾಲ್ಕು ಅಡಿ ಮುಂದೆ ಹೋಗುವುದು, ಮತ್ತೆ ಆಫ್. ಮೊನ್ನೆ ಹೀಗೇ ಮಾಡಿ ಮಾಡಿ ಬ್ಯಾಟರಿಯೂ ಇಳಿದುಹೋಯಿತು. ಗ್ಯಾರೇಜಿನಲ್ಲಿ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದಾಗ ನೀರನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ಬದಲಾಯಿಸಿದರು, ಏನೂ ಉಪಯೋಗ ಆಗಲಿಲ್ಲ. ಈಗ ಇಂಜಿನ್ ಮೇಲ್ಭಾಗದ ಹೆಡ್ ಬಿಚ್ಚಬೇಕು ಅಂತಿದ್ದಾರೆ. ಸೀಸನ್‌ನಲ್ಲಿ ಗಾಡಿ ವಾರ ನಿಂತರೆ ತುಂಬಾ ಕಷ್ಟ. ನಿಜವಾಗಲೂ ಬಿಚ್ಚಬೇಕಾ?

ಹಳೇ ಸ್ಪ್ಯಾನರ್:
ಈಗಲೇ ಹೆಡ್ ಮುಟ್ಟಬೇಡಿ ಅಣ್ಣ. ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇದ್ದಿದ್ದರೆ ಹೈವೇಯಲ್ಲಿ ಲೋಡ್ ಎಳೆಯುವಾಗಲೇ ಕುದಿಯುತ್ತಿತ್ತು, ಅಲ್ವಾ? ಗಾಡಿ ಓಡುವಾಗ ಗಾಳಿ ತಾನಾಗೇ ರೇಡಿಯೇಟರ್‌ಗೆ ಬಡಿಯುತ್ತದೆ, ನಿಂತಾಗ ಆ ಕೆಲಸ ಪೂರ್ತಿ ಫ್ಯಾನಿನದು. ನಿಮಗೆ ತೊಂದರೆ ಇರುವುದು ನಿಂತಾಗ ಮಾತ್ರ.

ಫ್ಯಾನಿನ ನಡುವೆ ದುಂಡಗೆ, ಸಣ್ಣ ತಟ್ಟೆಯಷ್ಟು ಅಗಲದ ಅಲ್ಯೂಮಿನಿಯಂ ಕಪ್ಲಿಂಗ್ ಇದೆಯಾ ನೋಡಿ. ಅದರೊಳಗೆ ಸಿಲಿಕೋನ್ ಆಯಿಲ್ ಇರುತ್ತದೆ. ರೇಡಿಯೇಟರ್ ಕಡೆಯಿಂದ ಬಿಸಿ ಗಾಳಿ ತಾಗಿದಾಗ ಮುಂದಿನ ಸ್ಪ್ರಿಂಗ್ ಒಳಗಿನ ವಾಲ್ವ್ ತೆರೆದು, ಆ ಆಯಿಲ್ ಫ್ಯಾನನ್ನು ಬಿಗಿಯಾಗಿ ಹಿಡಿಯುತ್ತದೆ. ಆಯಿಲ್ ಸೋರಿಹೋದರೆ ಫ್ಯಾನ್ ಸುಮ್ನೆ ತಿರುಗುತ್ತಿರುತ್ತದೆ, ಗಾಳಿ ಎಳೆಯಲ್ಲ.

ಮುಳ್ಳು ಮೇಲೆ ಹೋದಾಗ ಬಾನೆಟ್ ಎತ್ತಿ ದೂರ ನಿಂತುಕೊಳ್ಳಿ, ಬೇರೆಯವರಿಗೆ ಇಂಜಿನ್ ಆಫ್ ಮಾಡಲು ಹೇಳಿ. ಕಪ್ಲಿಂಗ್ ಚೆನ್ನಾಗಿದ್ದರೆ ಫ್ಯಾನ್ ಇಂಜಿನ್ ಜೊತೆಗೇ ನಿಲ್ಲುತ್ತದೆ. ಆಮೇಲೂ ನಾಲ್ಕೈದು ಸುತ್ತು ಹೊಡೆದರೆ ಅದು ಹೋಗಿದೆ ಅಂತ. ಕಪ್ಲಿಂಗ್ ಮೇಲೆ ಎಣ್ಣೆ ಜಿಡ್ಡಿಗೆ ಕೆಂಪು ಧೂಳು ಗೆರೆ ಗೆರೆಯಾಗಿ ಅಂಟಿದೆಯಾ ಅದನ್ನೂ ನೋಡಿ. ಫ್ಯಾನ್ ಬೆಲ್ಟ್ ಸಡಿಲ ಇದೆಯಾ ಅಂತಲೂ ಒಮ್ಮೆ ಒತ್ತಿ ನೋಡಿ, ಇಂಜಿನ್ ಆಫ್ ಇದ್ದಾಗ ಮಾತ್ರ.

ಬಂಗಾರಪೇಟೆ ಡೀಸೆಲ್:
ಮೇಲಿನವರು ಹೇಳಿದ್ದು ಸರಿ. ನಾನು ಕೇಳುವುದು ಇನ್ನೊಂದು, ರೇಡಿಯೇಟರ್‌ಗೆ ಏನು ಹಾಕುತ್ತಿದ್ದೀರಿ? ಬೋರ್ ನೀರಾದರೆ ಮೊದಲು ನಿಲ್ಲಿಸಿ. ನಮ್ಮ ಕಡೆ ಬೋರ್ ನೀರಿಗೆ ಸ್ನಾನದ ಹಂಡೆಯಲ್ಲಿ ಬಿಳಿ ಉಪ್ಪು ಕಟ್ಟುತ್ತದಲ್ಲ, ಅದೇ ಉಪ್ಪು ರೇಡಿಯೇಟರ್ ಟ್ಯೂಬ್ ಒಳಗೂ ಕಟ್ಟುತ್ತದೆ. ಬೆಳಗ್ಗೆ ಇಂಜಿನ್ ಪೂರ್ತಿ ತಣ್ಣಗಿದ್ದಾಗ ಮುಚ್ಚಳ ತೆಗೆದು ಬೆರಳು ಹಾಕಿ ನೋಡಿ. ಬಿಸಿ ಇದ್ದಾಗ ದಯವಿಟ್ಟು ತೆಗೆಯಬೇಡಿ, ಒತ್ತಡಕ್ಕೆ ಕುದಿಯುವ ನೀರು ಮುಖಕ್ಕೇ ಹಾರುತ್ತದೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಹಾಕಿ. ರೆಡಿ ಮಿಕ್ಸ್ ತಂದರೆ ನೀರು ಬೆರೆಸಬೇಡಿ.

ಶ್ರೀನಿವಾಸಪುರ ರೋಡ್:
ರಿಪೇರಿ ಆಗುವ ತನಕ ಕ್ಯೂನಲ್ಲಿ ಮುಳ್ಳು ಏರಿದರೆ, ಗಾಡಿಗೆ ಹೀಟರ್ ಇದ್ದರೆ ಫುಲ್ ಆನ್ ಮಾಡಿ. ಒಳಗೆ ಕೂರೋಕಾಗಲ್ಲ, ಆದರೆ ಇಂಜಿನ್ ಬಿಸಿ ಸ್ವಲ್ಪ ಆ ಕಡೆ ಹೋಗುತ್ತದೆ.

ಮುಳಬಾಗಿಲು ಲೋಡ್:
ಅಣ್ಣ, ಕಪ್ಲಿಂಗೇ! ಆಫ್ ಮಾಡಿದ ಮೇಲೆ ಫ್ಯಾನ್ ಆರು ಸುತ್ತು ಹೊಡೆಯಿತು, ನೀವು ಹೇಳಿದ ಕೆಂಪು ಧೂಳಿನ ಗೆರೆಯೂ ಇತ್ತು. ಹೊಸದು ಹಾಕಿಸಿದೆ. ನಿನ್ನೆ ಮುಕ್ಕಾಲು ಗಂಟೆ ಕ್ಯೂ, ಒಂದು ಸಲವೂ ಆಫ್ ಮಾಡಲಿಲ್ಲ, ಮುಳ್ಳು ಅರ್ಧದಲ್ಲೇ ಇತ್ತು. ರೇಡಿಯೇಟರ್ ಬಾಯಲ್ಲಿ ಬಿಳಿ ಉಪ್ಪು ಚೆನ್ನಾಗೇ ಕಟ್ಟಿದೆ, ಈ ಭಾನುವಾರ ಇಳಿಸಿ ಕ್ಲೀನ್ ಮಾಡಿಸುತ್ತೇನೆ. ಬೋರ್ ನೀರಿನ ಕ್ಯಾನ್ ಗಾಡಿಯಿಂದ ಇಳಿಸಿಬಿಟ್ಟೆ.