ಮಗುವಿನ ಉಬ್ಬಸಕ್ಕೆ ಕಾರಣ ಸಾಂಬ್ರಾಣಿಯೋ, ಗೋಡೆಯೋ?

ಸುಮಾ, ಬೆಂಗಳೂರು: ಮಗನಿಗೆ ಎರಡೂವರೆ ವರ್ಷ. ಮಳೆಗಾಲ ಬಂದರೆ ರಾತ್ರಿಯಿಡೀ ಉಬ್ಬಸ. ನಮ್ಮದು ವಠಾರದ ಕೆಳಮನೆ. ಇರುವ ಒಂದು ಕಿಟಕಿ ಚರಂಡಿಯ ಕಡೆಗಿದೆ, ಹಾಗಾಗಿ ಮುಚ್ಚಿಯೇ ಇಡುತ್ತೇವೆ. ಸಂಜೆ ಸೊಳ್ಳೆ ಬತ್ತಿ. ಮಗುವಿಗೆ ಎಣ್ಣೆ ಹಚ್ಚಿ ಎರೆದ ದಿನ ಅತ್ತೆಯವರ ಸಾಂಬ್ರಾಣಿ. ವೈದ್ಯರು ಹೊಗೆ ನಿಲ್ಲಿಸಿ ಎಂದರು. ‘ನಿನ್ನ ಗಂಡ ಬೆಳೆದದ್ದೂ ಇದೇ ಹೊಗೆಯಲ್ಲಿ’ ಎನ್ನುತ್ತಾರೆ ಅತ್ತೆ. ಯಾರ ಮಾತು ಕೇಳಲಿ?

ವನಜಾಕ್ಷಿ, ತೀರ್ಥಹಳ್ಳಿ: ನಾಲ್ಕು ಮೊಮ್ಮಕ್ಕಳಿಗೆ ಎರೆದು ಕೆಂಡದ ಮೇಲೆ ಸಾಂಬ್ರಾಣಿ ಹಾಕಿದವಳು ನಾನು. ಒಂದಕ್ಕೂ ಏನೂ ಆಗಿಲ್ಲ. ಈಗಿನವರಿಗೆ ಎಲ್ಲವೂ ಅಲರ್ಜಿ.

ಮಕ್ಕಳ ವಾರ್ಡಿನ ನರ್ಸ್: ವನಜಕ್ಕ, ನಿಮ್ಮದು ಹೆಂಚಿನ ಮನೆಯಲ್ಲವೇ? ಹೆಂಚಿನ ಸಂದಿಯಲ್ಲಿ ಹೊಗೆ ತಾನಾಗಿ ಹೊರಗೆ ಹೋಗುತ್ತದೆ. ತಾರಸಿಯ ಕೆಳಗೆ, ಕಿಟಕಿ ಮುಚ್ಚಿದ ಹತ್ತಡಿ ಕೋಣೆಯಲ್ಲಿ ಅದು ಎಲ್ಲಿಗೆ ಹೋಗಬೇಕು? ಈ ವಯಸ್ಸಿನ ಮಗು ನಿಮಿಷಕ್ಕೆ 24ರಿಂದ 40 ಬಾರಿ ಉಸಿರಾಡುತ್ತದೆ, ದೊಡ್ಡವರು 12ರಿಂದ 20 ಬಾರಿ. ಮಗುವಿನ ಶ್ವಾಸನಾಳವೂ ಸಣ್ಣದು, ಒಳಗೆ ಸ್ವಲ್ಪ ಊದಿಕೊಂಡರೂ ಸಿಳ್ಳೆಯಂಥ ಸದ್ದು ಶುರು. ಐದು ವರ್ಷದೊಳಗಿನ ಮಕ್ಕಳಿಗೆ ಮನೆಯೊಳಗಿನ ಹೊಗೆಯಿಂದ ನ್ಯುಮೋನಿಯಾ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಮುಖ್ಯವಾಗಿ ಸೌದೆ ಒಲೆಯ ಕುರಿತ ಮಾತು, ನಿಜ. ನನಗೆ ಸಾಂಬ್ರಾಣಿಗಿಂತ ಸೊಳ್ಳೆ ಬತ್ತಿಯದೇ ಹೆಚ್ಚು ಭಯ. ಒಂದು ಬತ್ತಿ ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮ ಕಣ ಬಿಡುತ್ತದೆ ಎಂದು 2003ರ ಅಧ್ಯಯನವೊಂದು ಲೆಕ್ಕ ಹಾಕಿದೆ. ಸಾಂಬ್ರಾಣಿ ವಾರಕ್ಕೊಮ್ಮೆ, ಬತ್ತಿ ದಿನವೂ.

ಬಾಡಿಗೆದಾರ: ಎಲ್ಲರೂ ತಾಯಿಗೆ, ಅತ್ತೆಗೆ ಬುದ್ಧಿ ಹೇಳಿದ್ದಾಯಿತು. ಚರಂಡಿ ಮುಚ್ಚಿದ್ದರೆ ಆಕೆ ಕಿಟಕಿ ತೆರೆಯುತ್ತಿರಲಿಲ್ಲವೇ? ಕೆಳಮನೆಯೆಂದ ಮೇಲೆ ಗೋಡೆ ತೇವ ಹಿಡಿದಿರಲೇಬೇಕು. ಬೂಷ್ಟೂ ಉಬ್ಬಸ ಕೆರಳಿಸುತ್ತದೆ. ಮಾಲೀಕರು ಅದರ ಮೇಲೊಂದು ಕೈ ಸುಣ್ಣ ಬಳಿದು ಮುಂಗಡ ಹೆಚ್ಚಿಸುತ್ತಾರೆ, ಅಷ್ಟೇ.

ಸುಮಾ, ಬೆಂಗಳೂರು: ಬೀರುವಿನ ಹಿಂದೆ ಮೊಣಕಾಲೆತ್ತರಕ್ಕೆ ಕಪ್ಪಗಾಗಿದೆ. ನಾವೇ ಕೆರೆದು ಬಣ್ಣ ಹೊಡೆಸೋಣವೆಂದುಕೊಂಡಿದ್ದೆವು. ಆದರೆ ಬತ್ತಿ ಬಿಟ್ಟರೆ ಡೆಂಗಿಯ ಭಯ.

ಪೇಂಟರ್ ರಫೀಕ್: ಒಣಗಿದ ಬಣ್ಣವನ್ನು ಹಾಗೆಯೇ ಉಜ್ಜಬೇಡಿ ಮೇಡಂ. ಹಳೆಯ ಬಣ್ಣದಲ್ಲಿ ಸೀಸವಿರಬಹುದು, ಅದರ ಪುಡಿ ಮಕ್ಕಳಿಗೆ ವಿಷ. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಹಳೆಯ ಮನೆಯಾದರೆ ಗೋಡೆಗಿಂತ ಬಾಗಿಲು, ಕಿಟಕಿ ಸರಳುಗಳ ಎನಾಮೆಲ್ ಬಣ್ಣದ ಮೇಲೆ ಕಣ್ಣಿಡಿ. ಮಕ್ಕಳು ಸರಳು ಹಿಡಿದು ಕಚ್ಚುತ್ತಾರೆ. ನೀರು ಚಿಮುಕಿಸಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ. ಕೆಲಸ ಮುಗಿಯುವ ತನಕ ಮಗು ತವರಿನಲ್ಲಿರಲಿ.

ಮಕ್ಕಳ ವಾರ್ಡಿನ ನರ್ಸ್: ಡೆಂಗಿ ಸೊಳ್ಳೆ ಹೆಚ್ಚಾಗಿ ಹಗಲು ಕಚ್ಚುತ್ತದೆ, ನೀವು ಸಂಜೆ ಬತ್ತಿ ಹಚ್ಚುತ್ತೀರಿ! ಅದು ಮೊಟ್ಟೆಯಿಡುವುದು ನಿಂತ ತಿಳಿನೀರಿನಲ್ಲಿ. ಕುಡಿಯುವ ನೀರು ತುಂಬಿಡುತ್ತೀರಾ?

ಸುಮಾ, ಬೆಂಗಳೂರು: ನಲ್ಲಿಯಲ್ಲಿ ನೀರು ಬರುವುದು ಮೂರು ದಿನಕ್ಕೊಮ್ಮೆ. ಎರಡು ಡ್ರಮ್ ತುಂಬಿಡುತ್ತೇವೆ. ಒಂದಕ್ಕೆ ಮುಚ್ಚಳವಿಲ್ಲ.

ಬಾಡಿಗೆದಾರ: ನೋಡಿದಿರಾ, ನೀರು ದಿನವೂ ಬಂದಿದ್ದರೆ ಡ್ರಮ್ಮೇ ಬೇಕಿರಲಿಲ್ಲ.

ಮಕ್ಕಳ ವಾರ್ಡಿನ ನರ್ಸ್: ಒಪ್ಪಿದೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ಡ್ರಮ್ ಬರಿದು ಮಾಡಿ ಒಳಗೋಡೆ ತಿಕ್ಕಿ, ಬಾಯಿಗೆ ಬಟ್ಟೆ ಕಟ್ಟಿ. ಬತ್ತಿಯ ಬದಲು ಮಗುವಿಗೆ ಸೊಳ್ಳೆ ಪರದೆ ಹಾಕಿ, ಹಗಲು ಮಲಗಿಸುವಾಗಲೂ.

ವನಜಾಕ್ಷಿ, ತೀರ್ಥಹಳ್ಳಿ: ತಲೆ ಒಣಗಿಸಲು ತಾನೇ ಸಾಂಬ್ರಾಣಿ? ಹತ್ತಿ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದರೂ ನಡೆಯುತ್ತದೆ. ಅತ್ತೆಯವರಿಗೆ ನಾನು ಹೇಳಿದೆನೆಂದು ಹೇಳಮ್ಮ, ವಯಸ್ಸಾದವರ ಮಾತೆಂದು ಕೇಳಿಯಾರು.

ಸುಮಾ, ಬೆಂಗಳೂರು: ಮೂರು ದಿನದಿಂದ ಬತ್ತಿ ಹಚ್ಚಿಲ್ಲ. ಸಾಂಬ್ರಾಣಿ ಈಗ ಅಂಗಳದ ತುಳಸಿಯ ಮುಂದೆ. ಕಿಟಕಿಗೆ ಜಾಲರಿ ಕೇಳಿದ್ದಕ್ಕೆ ಮಾಲೀಕರು ‘ನೀವೇ ಹಾಕಿಸಿಕೊಳ್ಳಿ, ಖಾಲಿ ಮಾಡುವಾಗ ಇಲ್ಲಿಯೇ ಬಿಟ್ಟು ಹೋಗಬೇಕು’ ಎಂದರು.

ಬಾಡಿಗೆದಾರ: ವೆಲ್ಕ್ರೋ ಪಟ್ಟಿಯ ಜಾಲರಿ ಸಿಗುತ್ತದೆ. ಹೋಗುವಾಗ ಕಿತ್ತುಕೊಂಡು ಹೋಗಿ.